ಮನೆಯೊಳಗಿನ ಮನೆ: ಆರ್ಡನ್‌ವುಡ್‌ನಲ್ಲಿ ಒಂದು ಭಾನುವಾರ

"ಈ ಊರಲ್ಲಿ ಹಳೇ ಮನೆ ಅಂತ ಒಂದೂ ಇಲ್ವೇನೇ?" ಅಂತ ಅಮ್ಮ ಕೇಳಿದರು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ತಂಗಿ ಮನೆಗೆ ಬಂದು ವಾರವಾಗಿತ್ತು. ತಂಗಿ ಏನೂ ಹೇಳದೆ ಕಾರು ತೆಗೆದಳು.

ಹೈವೇ 84ರ ಪಕ್ಕದಲ್ಲೇ ಆರ್ಡನ್‌ವುಡ್ ತೋಟ. ನೀಲಗಿರಿ ಮರಗಳ ಸಾಲು ದಾಟಿದರೆ ಎತ್ತರದ ಪ್ಯಾಟರ್ಸನ್ ಮನೆ ಕಾಣುತ್ತದೆ. ಜಾರ್ಜ್ ಪ್ಯಾಟರ್ಸನ್ 1849ರಲ್ಲಿ ಚಿನ್ನ ಹುಡುಕಿಕೊಂಡು ಬಂದವರು. ಚಿನ್ನ ಕೈಗೆ ಹತ್ತಲಿಲ್ಲ. ಇಲ್ಲಿ ಕೂಲಿ ಮಾಡಿದರು, ಆಮೇಲೆ ಜಮೀನು ಕೊಂಡರು, 1857ರಲ್ಲಿ ಸಾದಾ ಮನೆಯೊಂದನ್ನು ಕಟ್ಟಿಸಿದರು. ಕೈಯಲ್ಲಿ ದುಡ್ಡು ಸೇರಿದ ಮೇಲೆ, 1889ರಲ್ಲಿ, ಅದಕ್ಕೇ ಕೂಡಿಸಿ ಕ್ವೀನ್ ಆನ್ ಶೈಲಿಯ ದೊಡ್ಡ ಮನೆ ಎದ್ದಿತು. ಹಳೆಯದನ್ನು ಕೆಡವಲಿಲ್ಲ. 1910ರ ದಶಕದಲ್ಲಿ ಮಗ ಹೆನ್ರಿ ಇನ್ನಷ್ಟು ಸೇರಿಸಿದರು.

ಕ್ವೀನ್ ಆನ್ ಮನೆಗೆ ಒಂದು ಬದಿ ಇದ್ದ ಹಾಗೆ ಇನ್ನೊಂದು ಬದಿ ಇರುವುದಿಲ್ಲ. ಇಲ್ಲೊಂದು ಗೋಪುರ, ಅಲ್ಲೊಂದು ಚೂಪು ಮಾಡು, ಮುಂದೆ ಕೂತು ಹರಟೆ ಹೊಡೆಯುವಂಥ ಜಗಲಿ. ನನ್ನ ಕಣ್ಣು ನಿಂತದ್ದು ಗೋಡೆಗೆ ಹೊಡೆದ ಮರದ ಬಿಲ್ಲೆಗಳ ಮೇಲೆ. ಈ ಬಿಲ್ಲೆಗಳಿಗೆ ಶಿಂಗಲ್ ಅನ್ನುತ್ತಾರೆ. ಒಂದರ ಮೇಲೊಂದು ಅರ್ಧ ಕೂತಿರುವುದರಿಂದ ಮಳೆನೀರು ಒಳಗಿಳಿಯದೆ ಜಾರಿಹೋಗುತ್ತದೆ. ನಮ್ಮ ಹೆಂಚಿನ ಲೆಕ್ಕವೇ, ಆದರೆ ಗೋಡೆಗೆ! ಈ ಕಡೆಯ ಆ ಕಾಲದ ಮನೆಗಳು ಹೆಚ್ಚಾಗಿ ರೆಡ್‌ವುಡ್ ಮರದವು. ಅದಕ್ಕೆ ಗೆದ್ದಲು ಬೇಗ ಹತ್ತುವುದಿಲ್ಲ. ಹಾಗಂತ ಸುಮ್ನೆ ಬಿಡುವಂತಿಲ್ಲ. ಬಣ್ಣ ಎದ್ದ ಕಡೆ ನೀರು ಕುಡಿದು ಮರ ಮೆತ್ತಗಾಗುತ್ತದೆ. ಮರದ ಮನೆ ಉಳಿಸುವುದು ಅಂದರೆ ಮುಗಿಯದ ಕೆಲಸ.

ಒಳಗೆ ಗೈಡ್ ಜೊತೆಗೆ ಹೋದೆವು. ಅಮ್ಮನಿಗೆ ಹಿಡಿಸಿದ್ದು ಚಂದದ ಹಾಲ್ ಅಲ್ಲ, ಹಳೇ ಮನೆ ಹೊಸದಕ್ಕೆ ಸೇರುವ ಜಾಗ. "ನಮ್ಮಜ್ಜನ ಮನೇಲೂ ಮದುವೆಗೊಂದು ಕೋಣೆ ಸೇರಿಸ್ತಾ ಹೋದ್ರಲ್ವಾ" ಅಂದರು. ಹೌದು. ನಮ್ಮದನ್ನು ಕೆಡವಿ ತಾರಸಿ ಹಾಕಿದೆವು. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಇಲ್ಲಿ ಬರೀ 1889ರ ವೈಭವ ಇಟ್ಟುಕೊಂಡು ಉಳಿದದ್ದನ್ನು ಕಿತ್ತಿದ್ದರೆ ಕೂಲಿಯವನೊಬ್ಬ ಜಮೀನ್ದಾರನಾದ ಕಥೆಯೇ ಅಳಿಸಿಹೋಗುತ್ತಿತ್ತು.

ಮನೆಯಷ್ಟೇ ಉಳಿದಿದ್ದರೂ ಸಾಲುತ್ತಿರಲಿಲ್ಲ ಅನ್ನಿಸಿತು ನನಗೆ. ಸುತ್ತ ಲೇಔಟ್‌ಗಳು ಎದ್ದರೂ ಇಲ್ಲಿ 205 ಎಕರೆ ಉಳಿದಿದೆ. 1985ರಿಂದ ಜನರಿಗೆ ತೆರೆದಿದೆ, ಈಗಲೂ ಬೆಳೆ ತೆಗೆಯುತ್ತಾರೆ. ಹೊಲ ಇಲ್ಲದ ರೈತನ ಮನೆ ಬರೀ ಹಳೇ ಬಂಗಲೆ.

ಹೊರಡುವಾಗ ಅಮ್ಮ ಹೊಲದ ಬದಿಯಲ್ಲಿ ಬಗ್ಗಿ ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದರು.

"ಒಳ್ಳೇ ಮಣ್ಣು ಕಣೇ."