ಅವ್ವನ ಕಾಲಿಗೆ ಒಪ್ಪಿದ ಪಾವಟಿಗೆ

ಬಾಗಲಕೋಟೆಯ ನವನಗರದಲ್ಲಿ ನಾವು ಕಟ್ಟಿಸುತ್ತಿರುವ ಮನೆಯಲ್ಲಿ ನನ್ನನ್ನು ಹೆಚ್ಚು ದಿನ ಕಾಡಿದ್ದು ಪಾವಟಿಗೆಗೆ, ಅಂದರೆ ಮೆಟ್ಟಿಲಿಗೆ, ಯಾವ ಕಲ್ಲು ಹಾಕಿಸಬೇಕೆಂಬ ಪ್ರಶ್ನೆ. ಎರಡು ವರ್ಷಗಳ ಹಿಂದೆ ಬಂಧುಗಳೊಬ್ಬರ ಮನೆಯ ಗೃಹಪ್ರವೇಶದಲ್ಲಿ, ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟ್ ಪಾವಟಿಗೆಯನ್ನು ಆಗಷ್ಟೇ ತೊಳೆದ ಕಾಲಿನಲ್ಲಿ ಏರಹೋದ ಅವ್ವ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕಲ್ಲೇನೋ ಒಳ್ಳೆಯದೇ ಆಗಿತ್ತು. ಅದರ ನುಣುಪು ಮಾತ್ರ ಪಾವಟಿಗೆಗೆ ಸಲ್ಲದ್ದಾಗಿತ್ತು.

ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಬಾದಾಮಿ ಸೀಮೆಯ ಕೆಂಪು ಮರಳುಗಲ್ಲಿನ ಮೇಲೆ ನನಗೆ ಮೊದಲಿನಿಂದಲೂ ಮೋಹವಿತ್ತು. ಆದರೆ ಚಾಲುಕ್ಯರ ಶಿಲ್ಪಿಗಳ ಉಳಿಗೆ ಒದಗಿಬಂದ ಅದರ ಮೃದುತ್ವವೇ, ದಿನಕ್ಕೆ ಹತ್ತು ಸಲ ಹತ್ತಿಳಿಯುವ ಪಾವಟಿಗೆಯ ಅಂಚಿಗೆ ಮುಳುವಾಗುತ್ತದೆ. ಕಲಬುರಗಿ ಕಡೆಯಿಂದ ಬರುವ ಶಹಾಬಾದ್ ಫರಸಿ ಅಗ್ಗ, ಕಾಲಿಗೆ ತಂಪು. ಅದು ಸುಣ್ಣದಕಲ್ಲಿನ ಜಾತಿಯದಾದ್ದರಿಂದ ಹುಣಸೆಹುಳಿ ಚೆಲ್ಲಿದರೆ ಕಲೆ ನಿಲ್ಲುತ್ತದೆ. ಟೈಲ್ಸ್ ಕೆಲಸ ಮುಗಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ಸುರಿಯುವ ಆಸಿಡ್ ಬಿದ್ದರೆ ಬುರುಗೆದ್ದು ಮೇಲ್ಮೈಯೇ ಸವೆಯುತ್ತದೆ. ಮೋಸ್ ಮಾಪಕದಲ್ಲಿ ಸುಣ್ಣದಕಲ್ಲಿನ ಗಡಸುತನ ಸುಮಾರು 3, ಗ್ರಾನೈಟಿನದು 6ರಿಂದ 7. ಚಪ್ಪಲಿಗೆ ಅಂಟಿ ಬರುವ ಮರಳಿನ ಕಣ ಫರಸಿಯನ್ನು ಗೀರಿದಷ್ಟು ಸುಲಭವಾಗಿ ಗ್ರಾನೈಟನ್ನು ಗೀರಲಾರದು. ವಿಟ್ರಿಫೈಡ್ ಟೈಲ್ಸ್ ಬೇಡವೆಂದು ಬೇಗನೆ ನಿರ್ಧರಿಸಿದೆವು, ಏಕೆಂದರೆ ಅದರ ಕೊಯ್ದ ಅಂಚು ಒಂದು ಪೆಟ್ಟಿಗೇ ಚಕ್ಕೆ ಏಳುತ್ತದೆ. ಗೆದ್ದಲಿನ ಭಯದಿಂದ ಮರದ ಪಾವಟಿಗೆಯ ಮಾತನ್ನೂ ಕೈಬಿಟ್ಟೆವು.

ಹೀಗೆ ಒಳಗಿನ ಪಾವಟಿಗೆಗೆ ಇಳಕಲ್ಲಿನ ಕೆಂಪು ಗ್ರಾನೈಟೇ ಉಳಿಯಿತು. ಪಾಲಿಶ್ ಮಾಡಿದ್ದು, ಬ್ರಷ್ಷಿನಿಂದ ಉಜ್ಜಿ ಚರ್ಮದಂತೆ ತುಸು ಒರಟಾಗಿಸಿದ ಲೆದರ್ ಫಿನಿಶ್‌ನದು, ಬೆಂಕಿಯ ಜ್ವಾಲೆ ಹಾಯಿಸಿ ಮೇಲಿನ ಹರಳುಗಳನ್ನು ಸಿಡಿಸಿದ್ದು, ಹೀಗೆ ಮೂರು ತುಂಡುಗಳನ್ನು ಅಂಗಡಿಯಿಂದ ಕೇಳಿ ತಂದು, ಬಚ್ಚಲಲ್ಲಿ ಹಾಸಿ ನೀರು ಸುರಿದೆ. ಅವ್ವ ನನ್ನ ಕೈ ಹಿಡಿದು ಒಂದೊಂದರ ಮೇಲೂ ನಿಂತು ನೋಡಿದಳು. ಜ್ವಾಲೆ ಹಾಯಿಸಿದ ಕಲ್ಲು ಬರಿಗಾಲಿಗೆ ಚುಚ್ಚಿತು. ಲೆದರ್ ಫಿನಿಶ್ ಮೇಲೆ ನಿಂತಾಗ, "ಇದರ ಮ್ಯಾಲ ಕಾಲ ನಿಲ್ಲತೈತಿ ನೋಡಪಾ" ಎಂದಳು. ಅಲ್ಲಿಗೆ ಆಯ್ಕೆ ಮುಗಿಯಿತು. ಪ್ರತಿ ಪಾವಟಿಗೆಯ ಅಂಚಿನ ಹತ್ತಿರ ಎರಡು ಗೆರೆ ಕೊರೆಸಬೇಕೆಂಬುದನ್ನು ಮಾತ್ರ ನಾನು ಸೇರಿಸಿದೆ.

ಮನೆ ಕಟ್ಟಿಸುವವರಿಗೆ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ: ಪಾವಟಿಗೆಯ ಕಲ್ಲನ್ನು ಕಾಂಕ್ರೀಟ್ ಹಾಕುವ ಮೊದಲೇ ಆರಿಸಿಕೊಳ್ಳಬೇಕು. ನಮ್ಮ ಎರಡು ನೆಲಗಳ ನಡುವಿನ ಎತ್ತರ 10 ಅಡಿ, ಅಂದರೆ 120 ಇಂಚು. ಅದನ್ನು 18 ಮೆಟ್ಟಿಲಾಗಿ ಹಂಚಿದರೆ ಒಂದೊಂದರ ಎತ್ತರ ಸುಮಾರು ಆರೂಮುಕ್ಕಾಲು ಇಂಚಿನೊಳಗೆ ನಿಲ್ಲುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ 190 ಮಿಲಿಮೀಟರ್, ಅಂದರೆ ಏಳೂವರೆ ಇಂಚಿನವರೆಗೂ ಒಪ್ಪುತ್ತದೆಯಾದರೂ, ಮೊಣಕಾಲು ನೋವಿರುವವರಿಗೆ ಆ ವ್ಯತ್ಯಾಸ ದೊಡ್ಡದು. ಈ ಲೆಕ್ಕವನ್ನು ಕೆಡಿಸುವುದು ಮೇಲೆ ಹಾಸುವ ಕಲ್ಲಿನ ದಪ್ಪ. ನೆಲಕ್ಕೆ ಗಾರೆ ಮತ್ತು ಟೈಲ್ಸ್ ಸೇರಿ ಎರಡೂವರೆ ಇಂಚು ಏರಿ, ಪಾವಟಿಗೆಯ ಮೇಲೆ ಒಂದೂವರೆ ಇಂಚು ಮಾತ್ರ ಏರಿದರೆ, ಕೆಳಗಿನ ಮೊದಲ ಮೆಟ್ಟಿಲು ಒಂದು ಇಂಚು ಗಿಡ್ಡಾಗಿ, ಮೇಲಿನ ಕೊನೆಯ ಮೆಟ್ಟಿಲು ಅಷ್ಟೇ ಎತ್ತರವಾಗುತ್ತದೆ. ಕಾಲು ಒಂದೇ ಅಳತೆಗೆ ಒಗ್ಗಿಕೊಂಡು ಏರುವಾಗ ಎಡವುವುದು ಇಂಥಲ್ಲಿಯೇ. ನಮ್ಮ ಗೌಂಡಿ ಇದನ್ನು ಮೊದಲು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೋಡೆಯ ಮೇಲೆ ಎರಡೂ ಮಟ್ಟಗಳನ್ನು ಬರೆದು ತೋರಿಸಿದ ಮೇಲೆ ತಾನೇ ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಿ ಸರಿಪಡಿಸಿದ.

ಮಾಳಿಗೆಗೆ ಹೋಗುವ ಹೊರಗಿನ ಪಾವಟಿಗೆಯ ವಿಚಾರ ಬೇರೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮೂರಿನಲ್ಲಿ, ಶ್ಯಾವಿಗೆ, ಸಂಡಿಗೆ ಒಣಹಾಕಲು ಹೆಂಗಸರು ಬರಿಗಾಲಲ್ಲೇ ಏರಿಳಿಯುತ್ತಾರೆ. ಕಬ್ಬಿಣದ ಮೆಟ್ಟಿಲಾಗಲಿ ಕಪ್ಪು ಗ್ರಾನೈಟಾಗಲಿ ಆ ಹೊತ್ತಿಗೆ ಕಾದ ಹಂಚಿನಂತಾಗಿರುತ್ತದೆ. ಅಲ್ಲಿಗೆ ಪಾಲಿಶ್ ಮಾಡದ, ತಿಳಿ ಬಣ್ಣದ ಫರಸಿಯನ್ನೇ ಹಾಕಿಸಿದೆವು. ಅದರ ಹತ್ತಿರ ಆಸಿಡ್ ತರಬಾರದೆಂದು ಕೆಲಸದವರಿಗೆಲ್ಲ ಹೇಳಿಟ್ಟಿದ್ದೇನೆ.

ಒಳಗಿನ ಪಾವಟಿಗೆಯ ಪಕ್ಕ ಹಿಡಿದು ಏರುವ ಕೈಹಿಡಿಕೆಗೆ ಸ್ಟೀಲ್ ಪೈಪು ಹಾಕಿಸಲಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಲಿದ್ದ ಹಳೆಯ ಬಾಗಲಕೋಟೆಯ ಮನೆಯನ್ನು ಬಿಟ್ಟು ಬರುವಾಗ ಅಪ್ಪ ಬಿಚ್ಚಿಸಿ ತಂದಿದ್ದ ಸಾಗವಾನಿ ತೊಲೆಯೊಂದು ಇಷ್ಟು ವರ್ಷ ಹಿತ್ತಲಿನಲ್ಲಿ ಬಿದ್ದಿತ್ತು. ಬಡಿಗ ಅದನ್ನು ಸೀಳಿ, ಅವ್ವನ ಹಿಡಿತದಲ್ಲಿ ಕೂರುವಷ್ಟು ದುಂಡಗೆ ಕೆತ್ತಿದ್ದಾನೆ. ಮುಂದಿನ ವಾರ ಅದನ್ನು ಕೂರಿಸುತ್ತಾರೆ.