ಜಿಪಿಎ ಒಂದಿದ್ದರೆ ಸಾಲದು: ಹಿರಿಯರು ಸಹಿ ಮಾಡಬಲ್ಲವರಾಗಿರುವಾಗಲೇ ಆಗಬೇಕಾದ ಕೆಲಸಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಈಗ ವರ್ಷದ ಹೆಚ್ಚಿನ ದಿನ ಇರುವವರು ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ತೋಟದ ಪಹಣಿ, ಸಹಕಾರ ಸಂಘದ ಷೇರು, ವರ್ಷವರ್ಷವೂ ನವೀಕರಿಸಬೇಕಾದ ಬೆಳೆ ಸಾಲ, ಅಡಿಕೆ ಮಂಡಿಯ ಲೆಕ್ಕ, ಬ್ಯಾಂಕಿನ ಠೇವಣಿ, ಇವೆಲ್ಲವೂ ಮನೆಯ ಯಜಮಾನರ ಒಂದೇ ಸಹಿಯನ್ನು ನಂಬಿಕೊಂಡಿರುತ್ತವೆ. ನಾಳೆ ಅವರಿಗೆ ಸಹಿ ಮಾಡಲು ಆಗದಿದ್ದರೆ ಏನು ಎಂದು ಕೇಳಿದರೆ ಹಲವು ಮನೆಗಳಲ್ಲಿ ಸಿಗುವ ಉತ್ತರ, "ಮಗನ ಹೆಸರಿಗೆ ಜಿಪಿಎ ಮಾಡಿಸಿ ಆಗಿದೆ" ಎಂಬುದು. ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ತನ್ನ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ. ಈ ಉತ್ತರ ಅರ್ಧ ಮಾತ್ರ ಸರಿ, ಮತ್ತು ತಪ್ಪಾಗಿರುವ ಅರ್ಧವೇ ಕಷ್ಟಕಾಲದಲ್ಲಿ ಎದುರಾಗುವಂಥದ್ದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

1872ರ ಭಾರತೀಯ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ ಅಧಿಕಾರ ಕೊಟ್ಟವರಾಗಲಿ ಪಡೆದವರಾಗಲಿ ತೀರಿಕೊಂಡರೆ, ಅಥವಾ ಅವರಲ್ಲಿ ಒಬ್ಬರ ಬುದ್ಧಿ ಸ್ವಾಧೀನ ತಪ್ಪಿದರೆ, ಆ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಅಧಿಕಾರ ಪಡೆದವರಿಗೇ ಆ ಆಸ್ತಿಯಲ್ಲಿ ಸ್ವಂತ ಹಕ್ಕಿನ ಸಂಬಂಧವಿರುವ ವಿಶೇಷ ಸಂದರ್ಭವನ್ನು ಬಿಟ್ಟರೆ, ಛಾಪಾ ಕಾಗದದ ಬೆಲೆ ಎಷ್ಟೇ ಇರಲಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಮುದ್ರೆ ಎಷ್ಟೇ ಸ್ಪಷ್ಟವಾಗಿರಲಿ, ಈ ನಿಯಮ ಬದಲಾಗುವುದಿಲ್ಲ. ಅಂದರೆ ಅಪ್ಪ ಗಟ್ಟಿಮುಟ್ಟಾಗಿದ್ದು ಸ್ವತಃ ಓಡಾಡಬಲ್ಲ ಕಾಲದಲ್ಲಿ ಮಗನ ಜಿಪಿಎ ಚೆನ್ನಾಗಿ ನಡೆಯುತ್ತದೆ. ಅಪ್ಪ ಮರೆವಿನ ಕಾಯಿಲೆಯಿಂದ ಮಗನನ್ನೇ ಗುರುತಿಸಲಾರದ ಹಂತಕ್ಕೆ ಬಂದಾಗ, ಅಥವಾ ಪ್ರಜ್ಞೆಯಿಲ್ಲದೆ ಐಸಿಯುನಲ್ಲಿ ಮಲಗಿದಾಗ, ಅದೇ ಕಾಗದಕ್ಕೆ ಬೆಲೆ ಇಲ್ಲದಂತಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮಾತ್ರಕ್ಕೆ ಜಿಪಿಎ ಬಿದ್ದುಹೋಗುವುದಿಲ್ಲ, ಏಕೆಂದರೆ ಕಾನೂನು ನೋಡುವುದು ಕೈಯನ್ನಲ್ಲ, ತಿಳಿವಳಿಕೆಯನ್ನು. ಅದೇ ಕಾಯಿದೆಯ 12ನೆಯ ಕಲಮಿನಂತೆ, ಮಾಡುತ್ತಿರುವ ವ್ಯವಹಾರವನ್ನು ಅರಿತು ಅದರಿಂದ ತನ್ನ ಹಿತಕ್ಕೆ ಏನಾಗುತ್ತದೆ ಎಂದು ವಿವೇಚಿಸಬಲ್ಲವರೆಲ್ಲ ಕರಾರು ಮಾಡಲು ಅರ್ಹರು. ಆದ್ದರಿಂದ ಮರೆವಿನ ಕಾಯಿಲೆಯ ಆರಂಭದಲ್ಲಿಯೂ ತಿಳಿಯಾದ ದಿನಗಳಲ್ಲಿ ಮಾಡಿದ ಪತ್ರ ಊರ್ಜಿತವಾಗಬಹುದು. ಆದರೆ ಆ ದಿನ ತಿಳಿಯಾಗಿತ್ತೆಂದು ಮುಂದೆ ತೋರಿಸಿಕೊಡಬೇಕಾಗಿ ಬಂದರೆ ಅದು ಸುಲಭದ ಕೆಲಸವಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಭಾವ ಅಲ್ಲಿನ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಮಾಡಿಸಿದ ವಿಷಯವನ್ನು ಅಕ್ಕ ಫೋನಿನಲ್ಲಿ ವಿವರಿಸಿದಾಗ ನಮ್ಮಲ್ಲಿ ಏನಿಲ್ಲ ಎಂಬುದು ನನಗೆ ಸ್ಪಷ್ಟವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವ 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಪ್ರಕಾರ 2007ರ ಅಕ್ಟೋಬರ್‌ನಿಂದ ಈ ಪತ್ರ ಬಳಕೆಯಲ್ಲಿದೆ. ಆಸ್ತಿ ಮತ್ತು ಹಣಕಾಸಿಗೆ ಒಂದು, ಆರೋಗ್ಯ ಮತ್ತು ಆರೈಕೆಗೆ ಇನ್ನೊಂದು, ಹೀಗೆ ಎರಡು ಬಗೆ. ಬರೆದವರ ತಿಳಿವಳಿಕೆ ಹೋದ ಮೇಲೆಯೂ ಪತ್ರ ಜೀವಂತವಾಗಿರುತ್ತದೆ, ಆರೋಗ್ಯದ ಪತ್ರವಂತೂ ಆಗಲೇ ಜಾರಿಗೆ ಬರುತ್ತದೆ. ಬಳಸುವ ಮೊದಲು ಆಫೀಸ್ ಆಫ್ ದಿ ಪಬ್ಲಿಕ್ ಗಾರ್ಡಿಯನ್ ಎಂಬ ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇನ್ನೊಂದು ನಿಯಮ: ಬರೆಯುತ್ತಿರುವವರು ಪತ್ರದ ಅರ್ಥವನ್ನು ತಿಳಿದಿದ್ದಾರೆ, ಯಾರ ಒತ್ತಾಯಕ್ಕೂ ಒಳಗಾಗಿಲ್ಲ ಎಂದು ಮನೆಯವರಲ್ಲದ ಒಬ್ಬರು ಪರಿಶೀಲಿಸಿ ದೃಢೀಕರಿಸಬೇಕು. ಭಾವನಿಗೆ ಸಾಗರದಲ್ಲಿ ಒಂದು ನಿವೇಶನವಿದೆ. ಅದಕ್ಕೆ ಆ ಪತ್ರ ಬರುವುದಿಲ್ಲ. ಇಲ್ಲಿನ ಜಮೀನಿಗೆ ಅಲ್ಲಿಂದ ಅಧಿಕಾರ ಕೊಡಬೇಕಾದರೆ ಭಾರತದ ರಾಯಭಾರ ಕಚೇರಿಯ ಅಧಿಕಾರಿ ಅಥವಾ ಅಲ್ಲಿನ ನೋಟರಿಯ ಮುಂದೆ ಪ್ರತ್ಯೇಕ ಪತ್ರ ಮಾಡಿ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು, ಮತ್ತು ಆ ಪತ್ರವೂ 201ನೆಯ ಕಲಮಿಗೆ ಒಳಪಟ್ಟದ್ದೇ.

ನಮ್ಮಲ್ಲಿ ಯಜಮಾನರ ತಿಳಿವಳಿಕೆ ಹೋದ ಮೇಲೆ ಉಳಿಯುವ ದಾರಿ ದೂರದ್ದು. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಜಿಲ್ಲಾ ನ್ಯಾಯಾಲಯವೇ ವಿಚಾರಣೆ ನಡೆಸಿ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸಲು ಅವಕಾಶವಿತ್ತು. ಅದರ ಜಾಗಕ್ಕೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ರೋಗಿಯ ಹಕ್ಕುಗಳ ವಿಷಯದಲ್ಲಿ ಬಹಳ ಮುಂದೆ ಹೋಗಿದೆ. ತನ್ನ ಮಾನಸಿಕ ಚಿಕಿತ್ಸೆ ಹೇಗಿರಬೇಕೆಂದು ಮೊದಲೇ ಬರೆದಿಡಲು ಮತ್ತು ಅದಕ್ಕಾಗಿ ಪ್ರತಿನಿಧಿಯೊಬ್ಬರನ್ನು ಹೆಸರಿಸಲು ಅದು ಅವಕಾಶ ಕೊಟ್ಟಿದೆ. ಆದರೆ ಆಸ್ತಿಯ ನಿರ್ವಹಣೆಯ ಅಧ್ಯಾಯ ಅದರಲ್ಲಿ ಇಲ್ಲ, ಹೆಸರಿಸಿದ ಪ್ರತಿನಿಧಿಗೆ ಬ್ಯಾಂಕಿನ ಒಂದು ರೂಪಾಯಿಯನ್ನೂ ಮುಟ್ಟುವ ಅಧಿಕಾರವಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪೋಷಕತ್ವ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ಮಾಡಿದ್ದು. ಹೀಗಾಗಿ ಪ್ರಜ್ಞೆ ಕಳೆದುಕೊಂಡವರ, ಮರೆವಿನ ಕಾಯಿಲೆಯವರ ಮನೆಯವರು ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಶಿವಮೊಗ್ಗ ಜಿಲ್ಲೆಯವರಿಗೆ ಅದು ಬೆಂಗಳೂರು, ಪಕ್ಕದ ಸಿದ್ದಾಪುರ, ಶಿರಸಿಯವರಿಗೆ ಧಾರವಾಡ ಪೀಠ. ಕೋಮಾದಲ್ಲಿರುವವರಿಗೆ ಪೋಷಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟು 2019ರಲ್ಲಿ ಮಾರ್ಗಸೂಚಿಗಳನ್ನು ಕೊಟ್ಟಿದೆ. ವೈದ್ಯರ ಮಂಡಳಿಯ ಪರೀಕ್ಷೆ, ಕಂದಾಯ ಅಧಿಕಾರಿಯ ವಿಚಾರಣೆ, ನೇಮಕವಾದವರು ಆರು ತಿಂಗಳಿಗೊಮ್ಮೆ ಒಪ್ಪಿಸಬೇಕಾದ ವರದಿ ಎಲ್ಲವೂ ಅದರಲ್ಲಿವೆ. ಇದು ಅಗತ್ಯವಾದ ಕಾವಲೇ ಆದರೂ, ಅಡಿಕೆಯ ಕೊನೆಕೊಯ್ಲು ನಡೆಯುತ್ತಿರುವಾಗ, ಆಳುಗಳ ಕೂಲಿ ಕೊಡಬೇಕಾದಾಗ, ಮಣಿಪಾಲದಲ್ಲಿ ಒಬ್ಬರು ಹಾಸಿಗೆಯ ಪಕ್ಕದಲ್ಲಿ ಕುಳಿತಿರುವಾಗ, ವಕೀಲರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗುವುದು ಎಷ್ಟು ಮನೆಗಳಿಗೆ ಸಾಧ್ಯ?

ಆದ್ದರಿಂದ ನಮ್ಮ ಕಾನೂನು ಒಂದೇ ಕಾಗದದಲ್ಲಿ ಕೊಡದಿರುವುದನ್ನು ಹಲವು ಸಣ್ಣ ಕಾಗದಗಳಲ್ಲಿ, ಯಜಮಾನರು ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಮನೆಯಲ್ಲಿ ಅಪ್ಪಯ್ಯ ಇದಕ್ಕೆ ಒಪ್ಪಿದಾಗ ವಕೀಲರಿಗೆ ನಾವು ಮಾಡಿಕೊಂಡ ಮೊದಲ ಕೋರಿಕೆ, ಅವರೊಬ್ಬರ ಜೊತೆಯೇ ಕುಳಿತು ಮಾತಾಡಬೇಕು ಎಂಬುದಾಗಿತ್ತು. ಇಬ್ಬರೂ ಜಗಲಿಯಲ್ಲಿ ಕುಳಿತರು, ನಾವು ಒಳಗಿದ್ದೆವು. ಮಕ್ಕಳು ಯಾರು ಯಾರು, ತೋಟ ಎಷ್ಟು, ಈ ಪತ್ರದಿಂದ ಮಗ ಏನು ಮಾಡಬಹುದು, ಏನು ಮಾಡಬಾರದು ಎಂದು ಅವರು ಕೇಳುತ್ತಾ ಹೋದರು. ಕರಡಿನಲ್ಲಿ ಜಮೀನಿನ ವಿವರ ಓದುವಾಗ ಅಪ್ಪಯ್ಯ ನಡುವೆಯೇ ತಡೆದು, "ಆ ಹೊಳೆಬದಿಯ ತುಂಡು ಬಾಗಾಯ್ತಲ್ಲ, ಖುಷ್ಕಿ, ಪಹಣಿ ನೋಡಿ. ಮತ್ತೆ ಸೊಪ್ಪಿನಬೆಟ್ಟದಲ್ಲಿ ನಮಗೆ ಸೊಪ್ಪು ಕಡಿಯುವ ಹಕ್ಕು ಮಾತ್ರ ಇರುವುದು, ಅದನ್ನು ನಮ್ಮ ಆಸ್ತಿ ಅಂತ ಬರೆಯಬೇಡಿ" ಎಂದದ್ದು ನಮಗೂ ಕೇಳಿಸಿತು. ಅವರ ತಿಳಿವಳಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಕುಟುಂಬದ ವೈದ್ಯರಿಂದ ಅದೇ ವಾರದ ದಿನಾಂಕದ ಪ್ರಮಾಣಪತ್ರವೊಂದನ್ನು ಪಡೆದು ಪತ್ರದ ಜೊತೆ ಇಟ್ಟೆವು. ಅಣ್ಣತಮ್ಮಂದಿರ ನಡುವೆ ಮುಂದೆ ಮಾತು ಬಂದರೆ ಇಂಥ ಒಂದು ಹಾಳೆ ಬಹಳ ಕೆಲಸ ಮಾಡುತ್ತದೆ.

ಜಿಪಿಎಯನ್ನು ಬಿಟ್ಟುಬಿಡಬೇಕು ಎಂದು ಹೇಳುತ್ತಿಲ್ಲ. ಮೊಣಕಾಲು ನೋವು, ಕಣ್ಣಿನ ಶಸ್ತ್ರಚಿಕಿತ್ಸೆ, ಮಳೆಗಾಲದಲ್ಲಿ ಪೇಟೆಗೆ ಇಳಿಯಲಾಗದ ವಾರಗಳು, ಇವುಗಳಿಗೆ ಅದು ಬೇಕೇ ಬೇಕು. ಅಡಿಕೆ ಮಾರಿದ ಹಣ ಪಡೆಯುವುದು, ಬೆಳೆ ಸಾಲದ ನವೀಕರಣ, ಕಂದಾಯ ಮತ್ತು ಕರೆಂಟು ಬಿಲ್ಲು, ಕೂಲಿ, ಇವಿಷ್ಟನ್ನು ಬಿಡಿಬಿಡಿಯಾಗಿ ಬರೆಸಿ, ಮಾರುವ ಮತ್ತು ಅಡಮಾನ ಇಡುವ ಅಧಿಕಾರವನ್ನು ಅಪ್ಪಯ್ಯ ಕೊಡಲಿಲ್ಲ. ಅಧಿಕಾರ ಪಡೆದವರು ತೀರಿಕೊಂಡರೂ ಪತ್ರ ಮುಗಿಯುವುದರಿಂದ ಅಣ್ಣ ಮತ್ತು ನಾನು, ಇಬ್ಬರಲ್ಲಿ ಯಾರಾದರೊಬ್ಬರು ನಡೆಸಬಹುದು ಎಂದು ಬರೆಸಿದರು. ನಡೆದಾಡಲಾಗದವರಿದ್ದರೆ 1908ರ ನೋಂದಣಿ ಕಾಯಿದೆಯ 33ನೆಯ ಕಲಮಿನಡಿ ನೋಂದಣಾಧಿಕಾರಿಯೇ ಮನೆಗೆ ಬಂದು ಪತ್ರವನ್ನು ದೃಢೀಕರಿಸಲು ಅವಕಾಶವಿದೆ. ಹಾಸಿಗೆ ಹಿಡಿದ ಹಿರಿಯರನ್ನು ಜೀಪಿನಲ್ಲಿ ಕೂರಿಸಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಸುವುದನ್ನು ನೋಡಿದಾಗೆಲ್ಲ ಈ ಅವಕಾಶ ಹೆಚ್ಚು ಜನರಿಗೆ ತಿಳಿದಿದ್ದರೆ ಎಂದು ಸಂಕಟವಾಗುತ್ತದೆ.

ಬ್ಯಾಂಕಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನಾಮಿನಿ ಎಂಬ ಹೆಸರಿಗೆ ಬೆಲೆ ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಅವರು ಬದುಕಿದ್ದು ತಿಳಿವಳಿಕೆ ಇಲ್ಲದಿರುವಾಗ ನಾಮಿನಿಗೆ ಯಾವ ಅಧಿಕಾರವೂ ಇಲ್ಲ. ವಿಲ್ಲಿನ ಕಥೆಯೂ ಅಷ್ಟೇ. ಖರ್ಚಿನ ಖಾತೆಯನ್ನು ಅಪ್ಪಯ್ಯ ಅಮ್ಮ ಇಬ್ಬರ ಹೆಸರಿಗೆ ಮಾಡಿಸಿ, ಇಬ್ಬರಲ್ಲಿ ಯಾರ ಸಹಿಯಾದರೂ ನಡೆಯುವಂತೆ ಬರೆದುಕೊಟ್ಟರೆ ದಿನನಿತ್ಯದ ಅಡಚಣೆ ಬಹುಪಾಲು ತಪ್ಪುತ್ತದೆ. ಆದರೆ ಠೇವಣಿಗೆ ಇನ್ನೊಂದು ಗಂಟಿದೆ. ಇಂಥ ಜಂಟಿ ಠೇವಣಿಯನ್ನು ಅವಧಿ ಮುಗಿದ ಮೇಲೆ ಒಬ್ಬರೇ ಪಡೆಯಬಹುದಾದರೂ, ಅವಧಿಗೆ ಮೊದಲೇ ಮುರಿಯಬೇಕಾದರೆ ಬ್ಯಾಂಕು ಇಬ್ಬರ ಸಹಿಯನ್ನೂ ಕೇಳಬಹುದು. ಆಸ್ಪತ್ರೆಯ ಬಿಲ್ಲಿಗೆ ಹಣ ಬೇಕಾಗುವುದು ಅವಧಿ ನೋಡಿಕೊಂಡಲ್ಲವಷ್ಟೆ. ಐದು ವರ್ಷಕ್ಕೆಂದು ಒಂದೇ ದೊಡ್ಡ ಠೇವಣಿ ಇಡುವ ಬದಲು ಸಣ್ಣ ಸಣ್ಣ ಮೊತ್ತಗಳನ್ನು ಬೇರೆ ಬೇರೆ ತಿಂಗಳಲ್ಲಿ ಮುಗಿಯುವಂತೆ ಇಡುವುದು ಈ ಕಾರಣಕ್ಕೆ ಮೇಲು ಎಂದು ನಮಗೆ ಅನ್ನಿಸಿತು, ಬಡ್ಡಿ ತುಸು ಕಡಿಮೆಯಾದರೂ ಸರಿ. ಸಹಿ ಮಾಡಲಾಗದ, ಆದರೆ ತಿಳಿವಳಿಕೆ ಇರುವ ಖಾತೆದಾರರ ಹೆಬ್ಬೆಟ್ಟಿನ ಗುರುತನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರುವಂತೆ, ಪಡೆದು ಹಣ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಶಾಖೆಯಲ್ಲಿ ಇದನ್ನು ವಿನಯದಿಂದ ನೆನಪಿಸಿದರೆ ಸಾಕಾಗುತ್ತದೆ.

ಈ ತಲೆನೋವೇ ಬೇಡವೆಂದು ತೋಟವನ್ನು ದಾನಪತ್ರ ಮಾಡಿ ಮಕ್ಕಳ ಹೆಸರಿಗೆ ದಾಟಿಸುವ ಹಿರಿಯರೂ ಇದ್ದಾರೆ. ನಾನು ಇದನ್ನು ಒಪ್ಪಲಾರೆ. ಮಾಡಲೇಬೇಕಾದರೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಡಿ ಆ ಪತ್ರವನ್ನು ರದ್ದುಮಾಡಿಸಿಕೊಳ್ಳಲು ಆಧಾರವಾಗುವುದು ಆ ಷರತ್ತೇ.

ಚಿಕಿತ್ಸೆಯ ಮಾತು ಎತ್ತುವುದು ಆಸ್ತಿಯ ಮಾತಿಗಿಂತ ಕಷ್ಟ, ಆದರೆ ಇಲ್ಲಿ ನಮ್ಮ ಕಾನೂನು ಹೆಚ್ಚು ಉದಾರವಾಗಿದೆ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರಗಳ ನೆರವಿನಿಂದ ಜೀವ ಹಿಡಿದಿಡುವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯ ಮಾಡಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಸರಳಗೊಳಿಸಿದ್ದರಿಂದ ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ತಾನು ಹೇಳಲಾರದಾಗ ತನ್ನ ಪರವಾಗಿ ಯಾರು ಮಾತಾಡಬೇಕೆಂದು ಅದರಲ್ಲಿ ಹೆಸರಿಸಬೇಕು. ಒಂದಕ್ಕಿಂತ ಹೆಚ್ಚು ಹೆಸರು ಬರೆಯಬಹುದು. ಚಿಕಿತ್ಸೆ ನಿಲ್ಲಿಸುವ ತೀರ್ಮಾನವನ್ನು ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಪರಿಶೀಲಿಸುತ್ತವೆ. ಇದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಸುತ್ತೋಲೆ ಹೊರಡಿಸಿದೆ.

ಅಪ್ಪಯ್ಯ ಈ ಪತ್ರವನ್ನು ತಾವೇ ಹೇಳಿ ಬರೆಸಿದರು. "ನಳಿಗೆ ಹಾಕಿ ಮಲಗಿಸಿಡಬೇಡಿ, ಆದರೆ ನೋವಿಗೆ ಕೊಡುವ ಔಷಧಿ ಮಾತ್ರ ತಪ್ಪಿಸಬೇಡಿ" ಎಂಬುದು ಅದರ ತಿರುಳು. ತೋಟದ ವ್ಯವಹಾರಕ್ಕೆ ಅಣ್ಣನ ಹೆಸರನ್ನು ಮೊದಲು ಹೇಳಿದವರು ಇಲ್ಲಿ ನನ್ನ ಕಡೆ ತಿರುಗಿ, "ಅವನಿಗೆ ಇದು ತಡೆಯಲಿಕ್ಕೆ ಆಗುವುದಿಲ್ಲ, ನಿನ್ನ ಹೆಸರು ಬರಿ" ಎಂದರು. ಯಾವ ಮಗುವಿಗೆ ಯಾವ ಭಾರ ಹೊರಿಸಬಹುದು ಎಂಬ ಈ ಲೆಕ್ಕಾಚಾರ ಹೆತ್ತವರಿಗೆ ಮಾತ್ರ ಗೊತ್ತಿರುವಂಥದ್ದು. ಅವರು ಹೇಳದೆ ಹೋದರೆ ಅದನ್ನು ಮಕ್ಕಳು ಆಸ್ಪತ್ರೆಯ ವರಾಂಡದಲ್ಲಿ ನಿಂತು ಜಗಳದಲ್ಲಿಯೇ ಕಂಡುಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಹಲವು ಮನೆಗಳಲ್ಲಿ ಒಂದು ಕೆಲಸ ಬಾಕಿ ಉಳಿದುಬಿಡುತ್ತದೆ: ಮನೆಯೊಡತಿಯ ಕಾಗದಗಳು. ಪಹಣಿ ಗಂಡನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಅವಳಿಗೆ ಏನೂ ಬರೆದಿಡಬೇಕಾದ್ದಿಲ್ಲ ಎಂದುಕೊಳ್ಳುತ್ತಾರೆ. ಅಮ್ಮನಿಗೆ ತವರಿನಿಂದ ಬಂದ ಪಾಲಿನ ಹಣದ ಠೇವಣಿ, ಲಾಕರಿನಲ್ಲಿ ಚಿನ್ನ, ಸ್ತ್ರೀಶಕ್ತಿ ಸಂಘದ ಉಳಿತಾಯ ಇವೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ದೇಹದ ಬಗ್ಗೆ ತನ್ನದೇ ಅಭಿಪ್ರಾಯವಿದೆ. ಲಾಕರಿಗೆ ನನ್ನ ಹೆಸರನ್ನು ಜಂಟಿಯಾಗಿ ಸೇರಿಸಿದರು. ಚಿಕಿತ್ಸೆಯ ಪತ್ರದಲ್ಲಿ ಮಾತ್ರ ಗಂಡನನ್ನಾಗಲಿ ಮಕ್ಕಳನ್ನಾಗಲಿ ಹೆಸರಿಸದೆ, ಕೊಪ್ಪದಲ್ಲಿರುವ ತಂಗಿಯ ಹೆಸರು ಬರೆಸಿದ್ದಾರೆ. ಚಿಕ್ಕಮ್ಮನಿಗೆ ಅದರ ಒಂದು ಪ್ರತಿಯನ್ನು ಅಮ್ಮ ತಾವೇ ಕೊಟ್ಟು ಬಂದಿದ್ದಾರೆ, ಇನ್ನೊಂದು ಪ್ರತಿಯನ್ನು ಪಂಚಾಯಿತಿಯ ಅಧಿಕಾರಿಗೆ ಒಪ್ಪಿಸುವುದು ಬಾಕಿ ಇದೆ.