ಹೋದ ವರ್ಷದ ಬೇಳೆ

"ಹೋದ್ ವರ್ಸದ ಬ್ಯಾಳೆ ಹೋದ್ ವರ್ಸನೇ ಬೆಂದೋಯ್ತಲ್ಲ ಸಾ."

ಭಾನುವಾರದಿಂದ ಈ ಮಾತು ತಲೆಯಲ್ಲೇ ಕೂತಿದೆ. ಹೇಳಿದ್ದು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುವ ಹೆಂಗಸು. ಹೇಳಿಸಿಕೊಂಡವರು ಮೂರನೇ ಮಹಡಿಯ ನಿವೃತ್ತ ಅಧಿಕಾರಿ, ಕೇಂದ್ರ ಸರ್ಕಾರದ ಪಿಂಚಣಿದಾರರು. ಜಾಗ, ಮೈಸೂರು ವಿಜಯನಗರದ ನಮ್ಮ ಪಾರ್ಕಿಂಗ್. ಅಸೋಸಿಯೇಷನ್ ಮೀಟಿಂಗ್ ನಡೀತಿತ್ತು.

ಲಿಫ್ಟ್ ಕಂಪನಿಯವರು ವರ್ಷದ ಮೆಯಿಂಟೆನೆನ್ಸ್ ದರ ಏರಿಸಿದ್ದರು. ಎರಡು ನಿಮಿಷದಲ್ಲಿ ಪಾಸ್ ಆಯಿತು. ಜನರೇಟರ್ ಡೀಸೆಲ್ ಖರ್ಚು ಜಾಸ್ತಿ ಆಗಿತ್ತು. ಅದಕ್ಕೂ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಬಂತು ಸೆಕ್ಯುರಿಟಿ ಮತ್ತು ಕ್ಲೀನಿಂಗ್ ಏಜೆನ್ಸಿಯ ಪತ್ರ: ಏಪ್ರಿಲ್ 1ರಿಂದ ವಿಡಿಎ (ಬೆಲೆ ಏರಿಕೆಗೆ ತಕ್ಕಂತೆ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ) ಏರಿದೆ, ಬಿಲ್ ಅಷ್ಟು ಜಾಸ್ತಿ ಆಗುತ್ತದೆ. ಹಂಚಿದರೆ ಒಂದೊಂದು ಮನೆಗೆ ತಿಂಗಳಿಗೆ ನೂರು ರೂಪಾಯಿಯೂ ಬೀಳುತ್ತಿರಲಿಲ್ಲ. ಚರ್ಚೆ ಮಾತ್ರ ಮುಕ್ಕಾಲು ಗಂಟೆ!

"ಹೋದ ವರ್ಷ ತಾನೇ ಏರಿಸಿದ್ವಿ? ಮತ್ತೆ ಯಾಕೆ?" ಅಂದರು ಅಧಿಕಾರಿಗಳು. ಕುರ್ಚಿ ಜೋಡಿಸಲು ಬಂದಿದ್ದ ಆಕೆ ಬೇಳೆಯ ಮಾತು ಹೇಳಿದ್ದು ಆಗ. ಜಗಳದ ದನಿ ಅಲ್ಲ, ಮರೆತು ಹೋದದ್ದನ್ನು ನೆನಪಿಸೋ ದನಿ. ಯಾರೋ ಕಿಸಕ್ಕೆಂದರು. ಅಧಿಕಾರಿಗಳು "ನಿನ್ನ ಯಾರು ಕೇಳಿದ್ರಮ್ಮ" ಎಂದು ಫೈಲ್ ತಿರುವಿದರು.

ಅವರು ಕೆಟ್ಟವರೇನಲ್ಲ. ಪ್ರತಿ ದಸರೆಗೆ ಆಕೆಗೆ ಸೀರೆ, ಐನೂರು ರೂಪಾಯಿ ಕೊಡುವವರು ಅವರೊಬ್ಬರೇ. ನಾವ್ಯಾರೂ ಕೊಡಲ್ಲ. ಆದರೆ ಕೈಯೆತ್ತಿ ಕೊಡುವಾಗ ಇರುವ ಖುಷಿ, ಲೆಕ್ಕ ಹಾಕಿ ಕೊಡುವಾಗ ಇರುವುದಿಲ್ಲ. ಸೀರೆ ಕೊಟ್ಟರೆ ನಮಸ್ಕಾರ ಸಿಗುತ್ತದೆ, ವಿಡಿಎ ಕೊಟ್ಟರೆ ಏನೂ ಸಿಗುವುದಿಲ್ಲ ಅಲ್ವಾ?

ನನಗೆ ತಮಾಷೆ ಅನ್ನಿಸಿದ್ದು ಬೇರೆ. ಅವರ ಪಿಂಚಣಿಯ ಮೇಲಿನ ತುಟ್ಟಿ ಪರಿಹಾರ (ಡಿಆರ್) ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಸಲ ಪರಿಷ್ಕರಣೆ ಆಗುತ್ತದೆ. ಅದೂ ಯಾವ ಲೆಕ್ಕದ ಮೇಲೆ? ಲೇಬರ್ ಬ್ಯೂರೋ ತಿಂಗಳು ತಿಂಗಳು ಹೊರಡಿಸುವ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ಮೇಲೆ. ಕಾರ್ಮಿಕರು ತಿನ್ನುವ ಅಕ್ಕಿ, ಬೇಳೆಯ ರೇಟು ನೋಡಿ ಸಾಹೇಬರ ಪಿಂಚಣಿ ಏರುತ್ತದೆ. ಕೊರೋನಾ ಕಾಲದಲ್ಲಿ, 2020ರ ಜನವರಿಯಿಂದ 2021ರ ಜೂನ್‌ವರೆಗೆ, ಕೇಂದ್ರ ಅದನ್ನು ತಡೆಹಿಡಿದಿತ್ತು. ಆ ಹದಿನೆಂಟು ತಿಂಗಳ ಬಾಕಿ ಬಗ್ಗೆ ಅವರು ವಾಟ್ಸಾಪ್ ಗ್ರೂಪಿಗೆ ಇವತ್ತಿಗೂ ಮೆಸೇಜ್ ಹಾಕುತ್ತಾರೆ. ಹಾಕಲಿ, ನ್ಯಾಯವಾಗಿದೆ. ಅದೇ 2020ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರವೂ ಕಾರ್ಮಿಕರ ವಿಡಿಎ ಮುಂದೂಡಿತ್ತು. ತಿಂಗಳಿಗೆ ಸುಮಾರು 417 ರೂಪಾಯಿ. ಸಂಘಟನೆಗಳು ಹೈಕೋರ್ಟಿಗೆ ಹೋಗಿ ತಡೆ ತಂದವು. ಅದು ನಮ್ಮ ಗ್ರೂಪಿನಲ್ಲಿ ಯಾರಿಗೂ ನೆನಪಿಲ್ಲ.

ವಿಡಿಎ ಅಂದರೆ ಸಂಬಳ ಏರಿಕೆ ಅಂತಲೇ ಎಲ್ಲರೂ ತಿಳಿದಿದ್ದಾರೆ. ಅದು ಏರಿಕೆ ಅಲ್ಲವೇ ಅಲ್ಲ. ಕಳೆದ ವರ್ಷ ಬೆಲೆ ಎಷ್ಟು ಏರಿತೋ ಅದನ್ನು ಈ ಏಪ್ರಿಲ್‌ನಿಂದ ತುಂಬಿಕೊಡುವುದು, ಅಷ್ಟೇ. ಅಂದರೆ ಏರಿದ ಬೆಲೆಯನ್ನು ಆಕೆ ಮೊದಲೇ ತನ್ನ ಕೈಯಿಂದ ಕೊಟ್ಟಾಗಿರುತ್ತದೆ. 2025ರ ಏಪ್ರಿಲ್ 1ರಂದು ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಬೆಳಗ್ಗೆಯೇ ಎಲ್ಲರೂ ಕೊಟ್ಟೆವು. "ಮುಂದಿನ ವರ್ಷ ನೋಡೋಣ" ಅಂತ ಹಾಲಿನ ಬೂತಿನವನಿಗೆ ಹೇಳಿದವರುಂಟೇ?

ಇನ್ನೊಂದು ತಕರಾರು ಸೂಚ್ಯಂಕದ್ದೇ. 2016 ಅನ್ನು ಆಧಾರ ವರ್ಷ ಮಾಡಿಕೊಂಡ ಸರಣಿಯಲ್ಲಿ ಊಟ ತಿಂಡಿಗೆ ಕೊಟ್ಟಿರುವ ತೂಕ ಸುಮಾರು 39%. ಹಳೇ ಸರಣಿಯಲ್ಲಿ 46% ಇತ್ತು. ಮೆಟ್ಟಿಲು ಗುಡಿಸುವವರ ಮನೆಯಲ್ಲಿ ಸಂಬಳದ ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಗೇ ಹೋಗುತ್ತದೆ. ಟೊಮೆಟೊ, ಈರುಳ್ಳಿ, ಬೇಳೆ ಒಟ್ಟಿಗೆ ಏರಿದ ವರ್ಷ ಸರ್ಕಾರದ ಸರಾಸರಿ ಒಂದು ಹೇಳುತ್ತದೆ, ಆಕೆಯ ಸಾರಿನ ಪಾತ್ರೆ ಇನ್ನೊಂದು ಹೇಳುತ್ತದೆ.

ಇನ್ನು ಮೂಲ ವೇತನ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಐದು ವರ್ಷದೊಳಗೆ ಪರಿಷ್ಕರಿಸಬೇಕು ಎಂದಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದೇ ಐದು ವರ್ಷ, ಜೊತೆಗೆ "ಸಾಮಾನ್ಯವಾಗಿ" ಅನ್ನೋ ಸಡಿಲ ಬೇರೆ. ಎಷ್ಟಿರಬೇಕು ಎಂಬುದಕ್ಕೆ 1957ರ ಕಾರ್ಮಿಕ ಸಮ್ಮೇಳನದಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ. ಮೂರು ಜನರ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಮುಪ್ಪು, ಮದುವೆಗೆಂದು ಇನ್ನೂ ನಾಲ್ಕನೇ ಒಂದು ಭಾಗ ಸೇರಿಸಿತು. ಲೆಕ್ಕ ಗೊತ್ತಿಲ್ಲದೆ ನಿಂತಿಲ್ಲ, ಕೊಡಲು ಮನಸ್ಸಿಲ್ಲದೆ ನಿಂತಿದೆ.

ಮೀಟಿಂಗಿನಲ್ಲಿ ಇನ್ನೊಬ್ಬರು, "ಬಸ್ ಫ್ರೀ, ತಿಂಗಳಿಗೆ ಎರಡು ಸಾವಿರ ಬೇರೆ ಬರುತ್ತೆ, ಇನ್ನೇನು ಬೇಕು?" ಅಂದರು. ಆಕೆ ಬೆಳಗೊಳದಿಂದ ಬರುವುದು ಶಕ್ತಿ ಯೋಜನೆಯ ಬಸ್ಸಿನಲ್ಲೇ, ನಿಜ. ಗೃಹಲಕ್ಷ್ಮಿ ಶುರುವಾಗಿದ್ದೂ ನಮ್ಮ ಮೈಸೂರಿನಲ್ಲೇ, 2023ರ ಆಗಸ್ಟ್ 30ಕ್ಕೆ. ಅಂದಿನ ಎರಡು ಸಾವಿರ ಇಂದಿಗೂ ಎರಡು ಸಾವಿರವೇ. ಅದಿರಲಿ, ಸರ್ಕಾರ ಕೊಟ್ಟಿತು ಅಂತ ನಮ್ಮ ಮೆಟ್ಟಿಲಿನ ಕೂಲಿ ಕಡಿಮೆ ಮಾಡೋದು ಯಾವ ನ್ಯಾಯ?

ಎಲ್ಲರೂ ಜಿಪುಣರು ಅಂತಲೂ ಅಲ್ಲ. ಮಂಡ್ಯದಲ್ಲಿ ನಮ್ಮ ಭಾವನದ್ದು ಸಣ್ಣ ಹೋಟೆಲ್ ಇದೆ. ಬುಧವಾರ ಹೋಗಿದ್ದಾಗ ಈ ಕಥೆ ಹೇಳಿದೆ. ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುತ್ತಿದ್ದವರು ತಲೆ ಎತ್ತದೆಯೇ ಹೇಳಿದರು: "ನಿಮ್ಮ ಅಪಾರ್ಟ್‌ಮೆಂಟ್‌ನೋರಿಗೆ ಏನಮ್ಮ, ಹಂಚ್ಕೋತೀರಿ. ನಾನು ಯಾರ ಹತ್ರ ಹಂಚಲಿ? ಇಡ್ಲಿಗೆ ಐದು ರೂಪಾಯಿ ಜಾಸ್ತಿ ಮಾಡಿದ್ರೆ ಗಿರಾಕಿ ಎದುರುಗಡೆ ಗಾಡಿಗೆ ಹೋಗ್ತಾನೆ. ಆ ಗಾಡಿಯವನಿಗೆ ಯಾವ ವಿಡಿಎ?"

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಸಣ್ಣವರಿಗೆ ಐದು ವರ್ಷದ ಏರಿಕೆ ಒಂದೇ ಸಲ ಬಂದು ಬಿದ್ದರೆ ಸೊಂಟ ಮುರಿಯುತ್ತದೆ, ಅದೂ ನಿಜ. ಹಾಗಾಗಿಯೇ ವರ್ಷ ವರ್ಷ ಸ್ವಲ್ಪ ಸ್ವಲ್ಪ, ಹೇಳದೆ ಕೇಳದೆ ತಾನಾಗಿ ಏರುವುದು ಮಾಲೀಕನಿಗೂ ಸುಲಭ ಅಲ್ವಾ ಅಂದೆ. ಭಾವ "ಹೂಂ" ಅಂದರು, ಒಪ್ಪಿ ಅಂದಿದ್ದಲ್ಲ.

ಅವರ ತಲೆಯ ಮೇಲೆ ಒಂದು ಬೋರ್ಡ್ ಇತ್ತು. ಹಾಲು, ಕಾಫಿಪುಡಿ ದರ ಏರಿದ್ದರಿಂದ ಕಾಫಿ ಬೆಲೆ ಪರಿಷ್ಕರಿಸಲಾಗಿದೆ, ಗ್ರಾಹಕರು ಸಹಕರಿಸಬೇಕು.

"ಭಾವ, ಸಪ್ಲೈಯರ್ ಹುಡುಗರ ಸಂಬಳ ಏರಿದ್ದರಿಂದ ಅಂತಲೂ ಸೇರಿಸಿ."

"ಅಯ್ಯೋ, ಪುಡಿ ರೇಟು ಅಂದ್ರೆ ಜನ ತಲೆ ಆಡಿಸ್ತಾರೆ. ಹುಡುಗರ ಸಂಬಳ ಅಂದ್ರೆ ಬಂದು ಜಗಳ ಆಡ್ತಾರೆ."

"ಒಂದ್ಸಲ ಬರೆದು ನೋಡಿ, ಆಡಲಿ."

ಮುಂದಿನ ಸಲ ಬೋರ್ಡ್ ಬರೆಸುವಾಗ ನೋಡೋಣ ಅಂದಿದ್ದಾರೆ. ಬರೆಸುತ್ತಾರೆ ಅಂತ ನನಗೇನೂ ನಂಬಿಕೆ ಇಲ್ಲ.